ಹಳೆಯ ಟ್ರಕ್ಕಿನ ಕಿಂಗ್ ಪಿನ್ ಬುಷ್‌ಗಳನ್ನು ಬದಲಿಸುವ ಕ್ರಮ

ಸ್ಟೀರಿಂಗ್ ಚಕ್ರವನ್ನು ಅಂಗೈಯಗಲ ಅತ್ತಿತ್ತ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೇರ ಹೋಗುತ್ತಿದ್ದರೆ, ಬ್ರೇಕ್ ಒತ್ತಿದಾಗ ಮೂತಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಗುಂಡಿ ದಾಟಿದ ಮೇಲೆ ಮುಂದಿನ ಚಕ್ರಗಳು ಗಡಗಡನೆ ನಡುಗತೊಡಗಿದರೆ, ಹೆಚ್ಚಿನವರ ಸಂಶಯ ಮೊದಲು ಹೋಗುವುದು ಸ್ಟೀರಿಂಗ್ ಬಾಕ್ಸಿನ ಮೇಲೆ. ಬಾಕ್ಸಿನ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡಿ, ತಿರುವಿನಲ್ಲಿ ಹಿಡಿದುಕೊಳ್ಳುವಂತೆ ಮಾಡಿಕೊಂಡು, ಅಸಲಿ ಸವೆತವನ್ನು ಹಾಗೆಯೇ ಉಳಿಸಿಕೊಳ್ಳುವವರೂ ಇದ್ದಾರೆ. ಇಡಿಯಾದ ಉಕ್ಕಿನ ಮುಂಭಾಗದ ಆಕ್ಸಲ್ ಇರುವ ಹಳೆಯ ಟ್ರಕ್ಕುಗಳಲ್ಲಿ ಇಂಥ ದೂರುಗಳಿಗೆ ಬಹಳ ಸಲ ಕಾರಣವಾಗುವುದು ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಂಬಿಯಾದ ಕಿಂಗ್ ಪಿನ್ ಮತ್ತು ಅದರ ಸುತ್ತ ಕೂರುವ ಕೊಳವೆಯಂಥ ಬುಷ್‌ಗಳು. ಅವುಗಳನ್ನು ಬದಲಿಸುವುದು ಗುಟ್ಟಿನ ವಿದ್ಯೆಯೇನಲ್ಲ. ಆದರೆ ಹೊಸ ಬುಷ್ಷನ್ನು ಒಳಗೆ ತಳ್ಳುವುದು ಈ ಕೆಲಸದ ಅತಿ ಚಿಕ್ಕ ಭಾಗ. ಸವೆತ ಎಲ್ಲಿದೆ ಎಂದು ಅಳೆದು ತಿಳಿಯುವುದು, ಮೇಲಿನ ಮತ್ತು ಕೆಳಗಿನ ಬುಷ್‌ಗಳನ್ನು ಒಂದೇ ಗೆರೆಯಲ್ಲಿ ತರುವುದು, ಗ್ರೀಸ್ ಹೋಗುವ ದಾರಿಯನ್ನು ತೆರೆದಿಡುವುದು, ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಹೊಸ ಬುಷ್ ಹಳೆಯದಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ರಚನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳುವುದು ಒಳ್ಳೆಯದು. ಆಕ್ಸಲ್ ತೊಲೆಯ ತುದಿಯಲ್ಲಿ ಒಂದು ಕಣ್ಣು ಇರುತ್ತದೆ. ಚಕ್ರವನ್ನು ಹೊರುವ ಸ್ಟಬ್ ಆಕ್ಸಲ್ ತನ್ನ ಎರಡು ಕಿವಿಗಳ ನಡುವೆ ಆ ಕಣ್ಣನ್ನು ಹಿಡಿದಿರುತ್ತದೆ. ಮೇಲಿನ ಕಿವಿ, ಕಣ್ಣು, ಕೆಳಗಿನ ಕಿವಿ, ಇವು ಮೂರನ್ನೂ ಹಾಯ್ದು ಹೋಗುವ ಗಟ್ಟಿ ಉಕ್ಕಿನ ಕಂಬಿಯೇ ಕಿಂಗ್ ಪಿನ್. ಕಣ್ಣಿನೊಳಗೆ ಅದು ಅಡ್ಡಲಾಗಿ ಹೊಡೆದ ಕಾಟರ್ ಪಿನ್ನಿನಿಂದ ಬಿಗಿಯಾಗಿ ನಿಂತಿರುತ್ತದೆ, ತಿರುಗುವುದಿಲ್ಲ. ತಿರುಗುವುದು ಕಿವಿಗಳು, ತಮ್ಮೊಳಗಿನ ಬುಷ್‌ಗಳ ಸಮೇತ. ಗಾಡಿಯ ಭಾರವನ್ನು ಈ ಬುಷ್‌ಗಳು ಹೊರುವುದಿಲ್ಲ. ಅದನ್ನು ಹೊರುವುದು ಕಣ್ಣಿಗೂ ಕೆಳಗಿನ ಕಿವಿಗೂ ನಡುವೆ ಕೂತಿರುವ ಥ್ರಸ್ಟ್ ಬೇರಿಂಗ್. ಮೇಲಿನ ಕಿವಿಯ ಅಡಿಯಲ್ಲಿ ಉಳಿಯುವ ಸಂದನ್ನು ತೆಳುವಾದ ಶಿಮ್‌ಗಳು ತುಂಬುತ್ತವೆ. ಬಹಳ ಹಳೆಯ ಕೆಲವು ಆಕ್ಸಲ್‌ಗಳಲ್ಲಿ ಕವಲು ತೊಲೆಯಲ್ಲೂ ಕಣ್ಣು ಸ್ಟಬ್ ಆಕ್ಸಲ್‌ನಲ್ಲೂ ಇರುತ್ತದೆ. ಕ್ರಮ ತಿರುವುಮುರುವಾದರೂ ತತ್ವ ಅದೇ.

ಬುಷ್ ಸುತ್ತಲೂ ಸಮನಾಗಿ ಸವೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಚಕ್ರವು ಕಿಂಗ್ ಪಿನ್ನಿಗಿಂತ ಹೊರಗಡೆ ನಿಂತಿರುವುದರಿಂದ ನೆಲ ಅದನ್ನು ಮೇಲಕ್ಕೆ ಒತ್ತಿದಾಗ ಚಕ್ರದ ತಲೆ ಒಳಕ್ಕೂ ಪಾದ ಹೊರಕ್ಕೂ ವಾಲಲು ನೋಡುತ್ತದೆ. ಹಾಗಾಗಿ ಮೇಲಿನ ಬುಷ್ಷಿನ ಹೊರಮೈಯ ಗೋಡೆಯೂ ಕೆಳಗಿನದರ ಒಳಮೈಯ ಗೋಡೆಯೂ ಹೆಚ್ಚು ತಿನ್ನಿಸಿಕೊಳ್ಳುತ್ತವೆ. ಸವೆದ ಕಿಂಗ್ ಪಿನ್ ಇರುವ ಗಾಡಿಯ ಚಕ್ರಗಳು ಎದುರಿನಿಂದ ನೋಡಿದಾಗ ತಲೆಯನ್ನು ಒಳಗೆ ಬಾಗಿಸಿ ನಿಂತಂತೆ ಕಾಣುವುದು, ಟೈರಿನ ಒಳ ಅಂಚು ಬೇಗ ಕರಗುವುದು ಇದರಿಂದಲೇ.

ದೋಷ ಇರುವ ಜಾಗವನ್ನು ಗುರುತಿಸುವುದು

ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಮೊದಲ ಪರೀಕ್ಷೆಯನ್ನು ಚಕ್ರಗಳು ನೆಲದ ಮೇಲಿರುವಾಗಲೇ ಮಾಡಬೇಕು. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಸ್ಟೀರಿಂಗನ್ನು ಸಣ್ಣದಾಗಿ ಎಡಕ್ಕೂ ಬಲಕ್ಕೂ ಅಲುಗಿಸುತ್ತಿರಲಿ, ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಇನ್ನೊಬ್ಬರು ಸ್ಟೀರಿಂಗ್ ಬಾಕ್ಸಿನಿಂದ ಆರಂಭಿಸಿ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್‌ಗಳು, ಕೊನೆಗೆ ಕಿಂಗ್ ಪಿನ್, ಹೀಗೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡುತ್ತ ಹೋಗಲಿ. ಒಂದು ಬದಿ ಚಲಿಸಿದ ಮೇಲೆ ಇನ್ನೊಂದು ಬದಿ ತಡವಾಗಿ ಚಲಿಸಿದರೆ ಆ ಕೀಲು ಸಡಿಲವಾಗಿದೆ ಎಂದರ್ಥ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ.

ಅನಂತರ ಆಕ್ಸಲ್ ತೊಲೆಯ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಸ್ವಲ್ಪವೇ ಎತ್ತಿ, ತೊಲೆಯನ್ನು ಅದರ ಭಾರಕ್ಕೆ ತಕ್ಕ ಸ್ಟ್ಯಾಂಡಿನ ಮೇಲೆ ಇಳಿಸಿರಿ. ಜಾಕನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದು ಎಷ್ಟೇ ಚಿಕ್ಕ ಕೆಲಸವಿದ್ದರೂ ತಪ್ಪು. ಟೈರಿನ ನೆತ್ತಿಯನ್ನೂ ಅಡಿಯನ್ನೂ ಹಿಡಿದು ಒಳಹೊರಗೆ ಅಲುಗಿಸಿ. ದೊಡ್ಡ ಚಕ್ರವಾದರೆ ಅಡಿಯಲ್ಲಿ ಹಾರೆಕೋಲು ಕೊಟ್ಟು ಮೀಟಬೇಕಾಗುತ್ತದೆ. ಸಡಿಲ ಕಂಡರೆ ಸಹಾಯಕರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಹಿಡಿದಾಗ ಡ್ರಮ್ಮೂ ಸ್ಟಬ್ ಆಕ್ಸಲ್ಲೂ ಒಂದಾಗಿಬಿಡುವುದರಿಂದ ಹಬ್ ಬೇರಿಂಗಿನ ಸಡಿಲ ಮಾಯವಾಗುತ್ತದೆ, ಕಿಂಗ್ ಪಿನ್ನಿನ ಸಡಿಲ ಹಾಗೆಯೇ ಉಳಿಯುತ್ತದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಪಿನ್ ಬಿಚ್ಚಿ, ಎಲ್ಲ ಮುಗಿದ ಮೇಲೆ ಬೇರಿಂಗ್ ನಟ್ಟನ್ನು ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು ಎಂದು ಕಂಡುಕೊಂಡವರು ಕಡಿಮೆಯಿಲ್ಲ. ಚಕ್ರದ ಎಡ ಬಲ ಬದಿಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್ ಕಡೆ ನೋಡಬೇಕು.

ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದರೆ ಅದರ ಬುಡವನ್ನು ತೊಲೆಗೆ ಅಂಟಿಸಿ, ಮುಳ್ಳನ್ನು ಮೊದಲು ಮೇಲಿನ ಕಿವಿಯ ಬಳಿ, ಆಮೇಲೆ ಕೆಳಗಿನ ಕಿವಿಯ ಬಳಿ ತಾಗಿಸಿ ಅಳೆಯಿರಿ. ಅನೇಕ ಆಕ್ಸಲ್‌ಗಳಿಗೆ ಸುಮಾರು 0.25 ಮಿಲಿಮೀಟರಿಗಿಂತ ಹೆಚ್ಚಿನ ಓಲಾಟ ಬುಷ್ ಬದಲಿಸಬೇಕೆಂಬುದರ ಗುರುತು. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಂಕಿಯನ್ನು ಹೇಳಿದರೆ ಅದೇ ಅಂತಿಮ. ಇದೇ ಹೊತ್ತಿನಲ್ಲಿ ಲೀಫ್ ಸ್ಪ್ರಿಂಗಿನ ಕಣ್ಣುಗಳಲ್ಲಿರುವ ಬುಷ್‌ಗಳನ್ನೂ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಪಿನ್ನುಗಳನ್ನೂ ಮೀಟಿ ನೋಡುವುದು ಒಳ್ಳೆಯದು. ಅವು ಸವೆದಿದ್ದರೆ ತೊಲೆಯೇ ಹಿಂದುಮುಂದಾಗಿ ಗಾಡಿ ಅಲೆಯುತ್ತದೆ, ಹೊಸ ಕಿಂಗ್ ಪಿನ್ ಹಾಕಿದರೂ ಅಲೆಯುತ್ತಲೇ ಇರುತ್ತದೆ.

ಬಿಚ್ಚುವುದು

ಎರಡೂ ಬದಿಯ ಕಿಂಗ್ ಪಿನ್ ಕಿಟ್ಟನ್ನು ಒಟ್ಟಿಗೇ ತರಿಸಿಕೊಳ್ಳಿ. ಒಂದು ಬದಿ ಸವೆದಿದ್ದರೆ ಅಷ್ಟೇ ದೂರ ಓಡಿದ ಇನ್ನೊಂದು ಬದಿಯೂ ಹತ್ತಿರದಲ್ಲೇ ಇರುತ್ತದೆ. ಆದರೆ ಬಿಚ್ಚುವಾಗ ಒಂದು ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕಿ. ಯಾವ ಶಿಮ್ ಎಲ್ಲಿತ್ತು, ಯಾವ ಮುಖ ಮೇಲಿತ್ತು ಎಂಬ ಸಂಶಯ ಬಂದಾಗ ಮುಟ್ಟದ ಬದಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಕಾಟರ್ ಪಿನ್ನಿನ ಸುತ್ತಲೂ ಕಿಂಗ್ ಪಿನ್ನಿನ ಎರಡೂ ತುದಿಗಳಿಗೂ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ಹಾಕಿಟ್ಟರೆ ಮರುದಿನದ ಸುತ್ತಿಗೆ ಪೆಟ್ಟುಗಳು ಎಷ್ಟೋ ಉಳಿಯುತ್ತವೆ.

ಚಕ್ರ, ಹಬ್, ಡ್ರಮ್ ತೆಗೆಯಿರಿ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು, ಒಣ ಬ್ರಷ್ಷಿನಿಂದ ಗುಡಿಸಲೂಬಾರದು. ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬ್ರೇಕ್ ಪ್ಲೇಟನ್ನು ಬಿಚ್ಚಿ ತಂತಿಯಿಂದ ಚಾಸಿಗೆ ಕಟ್ಟಿ ತೂಗುಹಾಕಿ, ಅದರ ಭಾರ ಬ್ರೇಕ್ ಹೋಸಿನ ಮೇಲೆ ಬೀಳದಿರಲಿ. ಟೈ ರಾಡ್ ಎಂಡನ್ನು ಬಿಡಿಸಲು ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಕೆಲವು ಸುತ್ತು ಸಡಿಲಿಸಿ, ಸ್ಟೀರಿಂಗ್ ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರವಾದ ಸುತ್ತಿಗೆಯನ್ನು ಆನಿಸಿ ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಬಲವಾಗಿ ಒಂದೆರಡು ಪೆಟ್ಟು ಕೊಟ್ಟರೆ ಓರೆಯಾಗಿ ಕೂತ ಸ್ಟಡ್ ತಾನೇ ಜಾರುತ್ತದೆ. ಕೀಲಿನ ನಡುವೆ ಕವಲು ಬೆಣೆ ಹೊಡೆದರೆ ರಬ್ಬರ್ ಟೋಪಿ ಹರಿಯುವುದು ಖಂಡಿತ, ಆದ್ದರಿಂದ ಎಂಡನ್ನು ಮತ್ತೆ ಬಳಸುವುದಿದ್ದರೆ ಅದು ಬೇಡ. ಸ್ಟಡ್ಡಿನ ತಲೆಗೇ ಹೊಡೆದು ಅದರ ಮರೆಯನ್ನು (ನಟ್ ಕೂರುವ ಸುರುಳಿ ಗೆರೆಗಳನ್ನು) ಹಾಳುಮಾಡುವುದಂತೂ ಬೇಡವೇ ಬೇಡ.

ಈಗ ಕಾಟರ್ ಪಿನ್. ಸಾಮಾನ್ಯವಾಗಿ ಅದು ಓರೆಯಾಗಿ ಕಡಿದದ್ದು, ಸಣ್ಣ ತುದಿಯಲ್ಲಿ ಮರೆ ಮತ್ತು ನಟ್ ಇರುತ್ತವೆ. ನಟ್ಟನ್ನು ಮರೆಯ ತುದಿಗೆ ಸಮನಾಗುವವರೆಗೆ ಹಿಂದೆ ತಂದು, ಪೆಟ್ಟನ್ನು ದಾಟಿಸುವ ಹಿತ್ತಾಳೆಯ ಕಂಬಿ, ಅಂದರೆ ಡ್ರಿಫ್ಟ್ ಇಟ್ಟು ಆ ತುದಿಯಿಂದ ಹೊಡೆಯಬೇಕು. ಭಾರೀ ಆಕ್ಸಲ್‌ಗಳಲ್ಲಿ ಎದುರುಬದುರು ದಿಕ್ಕಿನಿಂದ ಹಾಕಿದ ಎರಡು ಕಾಟರ್‌ಗಳಿರುತ್ತವೆ. ಎರಡನೆಯದನ್ನು ಮರೆತು ಕಿಂಗ್ ಪಿನ್ನಿಗೆ ಸುತ್ತಿಗೆ ಹಿಡಿದರೆ ಸಂಜೆಯವರೆಗೂ ಹೊಡೆಯುತ್ತಿರಬೇಕಾಗುತ್ತದೆ. ಕಾಟರ್ ಬಿಟ್ಟುಕೊಂಡ ಕ್ಷಣ ಗುಂಡಿನಂತೆ ಹಾರಬಹುದು, ಆದ್ದರಿಂದ ಎದುರಿಗೆ ಯಾರೂ ನಿಲ್ಲಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಗಡಸು ಪಿನ್ನುಗಳು ಸುತ್ತಿಗೆ ತಾಗಿದಾಗ ಚಕ್ಕೆ ಎಬ್ಬಿಸುತ್ತವೆ.

ಮೇಲಿನ ಕೆಳಗಿನ ಮುಚ್ಚಳಗಳನ್ನು ತೆಗೆದು ಕಿಂಗ್ ಪಿನ್ನನ್ನು ಕೆಳಮುಖವಾಗಿ ಹೊಡೆದೋ ಪ್ರೆಸ್ಸಿನಿಂದ ಒತ್ತಿಯೋ ಇಳಿಸಬೇಕು. ವರ್ಷಗಟ್ಟಲೆ ಗ್ರೀಸ್ ಕಾಣದ ಪಿನ್ ಕಣ್ಣಿನೊಳಗೆ ತುಕ್ಕು ಹಿಡಿದು ಬೆಸೆದುಕೊಂಡಿದ್ದರೆ ಸುತ್ತಿಗೆಯ ಕೆಲಸ ಅಲ್ಲಿಗೆ ಮುಗಿಯಿತು. ಹೊಡೆದಷ್ಟೂ ಪಿನ್ನಿನ ತಲೆ ಅಣಬೆಯಂತೆ ಹರಡಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ತೊಲೆಗೇ ಸಿಕ್ಕಿಸಿ ಒತ್ತುವ ಹೈಡ್ರಾಲಿಕ್ ಕಿಂಗ್ ಪಿನ್ ಪ್ರೆಸ್ಸನ್ನು ಬಾಡಿಗೆಗೆ ತರುವುದೇ ಸರಿಯಾದ ದಾರಿ. ಒತ್ತಡ ಏರಿಸಿ, ಸ್ವಲ್ಪ ಹೊತ್ತು ಬಿಟ್ಟು, ತೊಲೆಯ ಕಣ್ಣಿನ ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟರೆ ಬಹುತೇಕ ಬಿಡುತ್ತದೆ. ಒತ್ತಡ ಇರುವಾಗ ಪ್ರೆಸ್ಸಿನ ನೇರಕ್ಕೆ ನಿಲ್ಲಬೇಡಿ. ಗ್ಯಾಸ್ ಟಾರ್ಚಿನಿಂದ ಕಣ್ಣನ್ನು ಕೆಂಪಗೆ ಕಾಯಿಸುವ ಅಭ್ಯಾಸ ಕೆಲವರಲ್ಲಿದೆ. ತೊಲೆಯೂ ಸ್ಟಬ್ ಆಕ್ಸಲ್ಲೂ ಹದ ಕೊಟ್ಟ ಉಕ್ಕು. ಹಾಗೆ ಕಾಯಿಸಿದರೆ ಆ ಹದ ಕೆಡುತ್ತದೆ, ಹೊರನೋಟಕ್ಕೆ ಏನೂ ಕಾಣುವುದಿಲ್ಲ. ಸ್ಟೀರಿಂಗಿನ ಯಾವ ಭಾಗಕ್ಕೂ ಬೆಂಕಿ, ವೆಲ್ಡಿಂಗ್, ಬಗ್ಗಿಸಿ ನೇರ ಮಾಡುವುದು, ಈ ಮೂರೂ ನಿಷಿದ್ಧ ಎಂದೇ ತಿಳಿಯಬೇಕು.

ಸ್ಟಬ್ ಆಕ್ಸಲ್ ಕೈಗೆ ಬರುವಾಗ ಶಿಮ್‌ಗಳನ್ನೂ ಥ್ರಸ್ಟ್ ಬೇರಿಂಗನ್ನೂ ಬಂದ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಜೋಡಿಸಿಡಿ. ಎಲ್ಲವನ್ನೂ ತೊಳೆದು ಒಣಗಿಸಿದ ಮೇಲೆ ಸ್ಟಬ್ ಆಕ್ಸಲ್ಲಿನ ದಂಡು ಮೈಗೆ ಸೇರುವ ಮೂಲೆಯಲ್ಲಿ ಸೀಳು ಇದೆಯೇ ಎಂದು ಬೆಳಕು ಹಿಡಿದು ನೋಡಬೇಕು. ಸೀಳು ಕಂಡ ಭಾಗವನ್ನು ಮತ್ತೆ ಜೋಡಿಸುವ ಮಾತೇ ಇಲ್ಲ.

ಕಣ್ಣನ್ನು ಅಳೆಯುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೊಸ ಪಿನ್ನನ್ನು ತೊಲೆಯ ಕಣ್ಣಿನೊಳಗೆ ಒಣಗಿದಂತೆಯೇ ತೂರಿಸಿ ಅಲುಗಿಸಿ ನೋಡಿ. ಬಿಗಿಯಾಗಿ ಜಾರಬೇಕು, ಓಲಾಡಬಾರದು. ಕಣ್ಣೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ. ಆ ತೊಲೆಗೆ ದಪ್ಪ ಪಿನ್ ಅಥವಾ ಸ್ಲೀವ್ ಹಾಕಲು ತಯಾರಕರು ಅನುಮತಿಸಿದ್ದರೆ ಯಂತ್ರಾಗಾರದಲ್ಲಿ ಮಾಡಿಸಬೇಕು, ಇಲ್ಲದಿದ್ದರೆ ತೊಲೆಯನ್ನೇ ಬದಲಿಸಬೇಕು.

ಬುಷ್ ಕೂರಿಸಿ ರೀಮ್ ಮಾಡುವುದು

ಹಳೆಯ ಬುಷ್ಷನ್ನು ಮೆಟ್ಟಿಲು ಕಡಿದ ಡ್ರಿಫ್ಟಿನಿಂದ, ಅಂದರೆ ತೆಳು ಭಾಗ ಬುಷ್ಷಿನೊಳಗೂ ದಪ್ಪ ಭಾಗ ಅದರ ಅಂಚಿನ ಮೇಲೂ ಕೂರುವಂಥ ಕಂಬಿಯಿಂದ ಒತ್ತಿ ತೆಗೆಯಬೇಕು. ಹೊರಡದಿದ್ದರೆ ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ ಬುಷ್ಷಿನ ಗೋಡೆಯನ್ನು ಉದ್ದಕ್ಕೆ ಕೊಯ್ಯಬಹುದು. ಕಿವಿಯ ಉಕ್ಕಿಗೆ ಬ್ಲೇಡ್ ತಾಗುವ ಮೊದಲೇ ನಿಲ್ಲಿಸಿ, ಉಳಿದ ತೆಳು ಪದರವನ್ನು ಉಳಿಯಿಂದ ಒಳಮುಖವಾಗಿ ಮಡಚಿದರೆ ಸಾಕು. ಕಿವಿಯ ರಂಧ್ರದಲ್ಲಿ ಗೀರುಗಳ ಮುಳ್ಳು ಎದ್ದಿದ್ದರೆ ನಯವಾದ ಎಮರಿ ಬಟ್ಟೆಯಿಂದ ಸವರಿ, ಗ್ರೀಸ್ ನಿಪ್ಪಲ್ ಬಿಚ್ಚಿ, ಅದರ ರಂಧ್ರದಲ್ಲಿ ಕಲ್ಲಿನಂತೆ ಗಟ್ಟಿಯಾದ ಹಳೆಯ ಗ್ರೀಸನ್ನು ತಂತಿಯಿಂದ ಕೆದಕಿ ತೆಗೆಯಿರಿ.

ಹೊಸ ಬುಷ್ಷಿನಲ್ಲಿರುವ ಗ್ರೀಸ್ ರಂಧ್ರ ಕಿವಿಯ ನಿಪ್ಪಲ್ ರಂಧ್ರಕ್ಕೆ ನೇರವಾಗಿ ಬರಬೇಕು. ಇದನ್ನು ಓದುವಾಗ ಯಾರಿಗೂ ಮರೆಯುವ ವಿಷಯ ಅನ್ನಿಸುವುದಿಲ್ಲ, ಆದರೆ ನಾನೇ ಒಮ್ಮೆ ಮರೆತಿದ್ದೇನೆ. ಒತ್ತುವಾಗ ಬುಷ್ ಸ್ವಲ್ಪ ತಿರುಗಿದ್ದನ್ನು ಗಮನಿಸದೆ ಎಲ್ಲ ಜೋಡಿಸಿ, ಗ್ರೀಸ್ ಗನ್ ಬಿಗಿಯಾಗಿ ನಿಂತಾಗ ನಿಪ್ಪಲ್ಲೇ ಕಟ್ಟಿಕೊಂಡಿದೆ ಎಂದುಕೊಂಡು ಮೂರು ನಿಪ್ಪಲ್ ಬದಲಿಸಿದ ಮೇಲೆ ತಪ್ಪು ಹೊಳೆಯಿತು. ಅಂದಿನಿಂದ ಬುಷ್ಷಿನ ಅಂಚಿನ ಮೇಲೂ ಕಿವಿಯ ಮೇಲೂ ರಂಧ್ರದ ನೇರಕ್ಕೆ ಒಂದೊಂದು ಗೆರೆ ಎಳೆದು, ಆ ಗೆರೆಗಳನ್ನು ನೋಡುತ್ತಲೇ ಒತ್ತುತ್ತೇನೆ, ಕೂತ ಮೇಲೆ ತೆಳು ಕಡ್ಡಿಯನ್ನು ತೂರಿಸಿ ಖಚಿತ ಮಾಡಿಕೊಳ್ಳುತ್ತೇನೆ. ಬುಷ್ಷಿನೊಳಗಿನ ಗ್ರೀಸ್ ಕಾಲುವೆ ಒಂದು ತುದಿಯಲ್ಲಿ ಮಾತ್ರ ತೆರೆದಿದ್ದರೆ ಆ ತುದಿ ಸಾಮಾನ್ಯವಾಗಿ ತೊಲೆಯ ಕಡೆಗಿರಬೇಕು. ಹಳೆಯ ಬುಷ್ ಹೇಗಿತ್ತೆಂದು ಬಿಚ್ಚುವಾಗಲೇ ನೋಡಿಟ್ಟುಕೊಂಡಿದ್ದರೆ ಗೊಂದಲವಿರುವುದಿಲ್ಲ. ಕಂಚಿನ ಬುಷ್‌ಗಳನ್ನು ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸುಲಭವಾಗಿ ಒಳಹೋಗುತ್ತವೆ. ನೇರ ಸುತ್ತಿಗೆ ಪೆಟ್ಟಿಗಿಂತ ಬೆಂಚ್ ವೈಸೋ, ಉದ್ದ ಬೋಲ್ಟು ಮತ್ತು ವಾಷರುಗಳ ಎಳೆತವೋ ಉತ್ತಮ, ಏಕೆಂದರೆ ಆರಂಭದಲ್ಲಿ ಸೊಟ್ಟಗೆ ಹೋದ ಬುಷ್ ಕೊನೆಯವರೆಗೂ ಸೊಟ್ಟಗೇ ಹೋಗುತ್ತದೆ.

ನೈಲಾನ್ ಬಗೆಯ ಬುಷ್‌ಗಳು ಕೈಯಿಂದಲೇ ಕೂರುತ್ತವೆ, ರೀಮ್ ಬೇಡುವುದಿಲ್ಲ, ಅಂದರೆ ಒಳಮೈಯನ್ನು ಕೊರೆದು ಅಳತೆಗೆ ತರಬೇಕಿಲ್ಲ. ಕಂಚಿನವು ಒತ್ತಿದಾಗ ಒಳಗೆ ಕುಗ್ಗುವುದರಿಂದ ಪಿನ್ನಿನ ಅಳತೆಗೆ ಕೊರೆಯಲೇಬೇಕು. ಇಲ್ಲಿ ಬಳಸುವ ರೀಮರಿಗೆ ಪೈಲಟ್ ಇರಬೇಕು, ಅಂದರೆ ಒಂದು ಬುಷ್ಷನ್ನು ಕೊರೆಯುವಾಗ ಇನ್ನೊಂದು ಬುಷ್ಷಿನಲ್ಲಿ ಆನಿಕೆಯಾಗಿ ನಿಲ್ಲುವ ಉದ್ದನೆಯ ಭಾಗ ಇರಬೇಕು. ಅದಿಲ್ಲದ ಗಿಡ್ಡ ರೀಮರಿನಿಂದ ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆಯಾಗಿ ಕೊರೆದರೆ ಎರಡೂ ತಮ್ಮತಮ್ಮಷ್ಟಕ್ಕೆ ಸರಿಯಿದ್ದು ಪಿನ್ ಮಾತ್ರ ಎರಡರಲ್ಲೂ ಹಾಯುವುದಿಲ್ಲ. ಹಾಯುವಂತೆ ಮಾಡಲು ಮತ್ತಷ್ಟು ಕೊರೆದಾಗ ಹೊಸ ಕೆಲಸಕ್ಕೆ ಮೊದಲ ದಿನವೇ ಸಡಿಲ ಬಂದಂತಾಯಿತು. ಹೊಂದಿಸಬಹುದಾದ ರೀಮರಾದರೆ ಒಂದು ಸಲಕ್ಕೆ 0.05 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿಸದೆ, ಕತ್ತರಿಸುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸುತ್ತ ಹೋಗಿ, ಹೊರತೆಗೆಯುವಾಗಲೂ ಅದೇ ದಿಕ್ಕಿನಲ್ಲಿ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಅಲಗೂ ಹಾಳು, ಬುಷ್ಷಿನ ಮೈಯೂ ಹಾಳು. ಪ್ರತಿ ಸಲವೂ ಚೂರು ಒರೆಸಿ ಪಿನ್ ತೂರಿಸಿ ನೋಡಬೇಕು. ಪಿನ್ನಿಗೂ ಬುಷ್ಷಿಗೂ ನಡುವೆ ಉಳಿಯಬೇಕಾದ ಸಂದು ಸಾಮಾನ್ಯವಾಗಿ 0.025ರಿಂದ 0.075 ಮಿಲಿಮೀಟರ್. ಕೈಯ ಲೆಕ್ಕದಲ್ಲಿ ಹೇಳುವುದಾದರೆ, ಎಣ್ಣೆ ಸವರಿದ ಪಿನ್ ಹೆಬ್ಬೆರಳ ಒತ್ತಿಗೆ ಸರಾಗವಾಗಿ ಜಾರಬೇಕು, ಅಡ್ಡಕ್ಕೆ ಅಲುಗಿಸಿದರೆ ಅಲುಗಬಾರದು. ಪೈಲಟ್ ಇರುವ ರೀಮರ್ ಸಿಗದಿದ್ದರೆ ಸ್ಟಬ್ ಆಕ್ಸಲ್ಲುಗಳನ್ನು ಹೊಸ ಪಿನ್ ಸಮೇತ ಯಂತ್ರಾಗಾರಕ್ಕೆ ಕೊಟ್ಟು ಹೋನ್ ಮಾಡಿಸುವುದರಲ್ಲಿ, ಅಂದರೆ ಉಜ್ಜುಕಲ್ಲಿನಿಂದ ಅಳತೆಗೆ ತರಿಸುವುದರಲ್ಲಿ, ಯಾವ ಅವಮಾನವೂ ಇಲ್ಲ.

ಕೊರೆದ ಮೇಲೆ ಕಂಚಿನ ಪುಡಿ ಗ್ರೀಸ್ ಕಾಲುವೆಯಲ್ಲಿ ಉಳಿಯದಂತೆ ಚೆನ್ನಾಗಿ ತೊಳೆಯಿರಿ.

ಜೋಡಿಸುವುದು

ತೊಲೆಯ ಕಣ್ಣಿನ ಸುತ್ತ ಸ್ಟಬ್ ಆಕ್ಸಲ್ಲನ್ನು ಎತ್ತಿಹಿಡಿದು, ಗ್ರೀಸ್ ತುಂಬಿದ ಥ್ರಸ್ಟ್ ಬೇರಿಂಗನ್ನು ಕೆಳಗೆ ಸರಿಸಿ. ಅದರ ಕವಚದ ತೆರೆದ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಅದು ನೀರೂ ಕೆಸರೂ ನಿಲ್ಲುವ ಬಟ್ಟಲಾಗುತ್ತದೆ. ಕೆಳಗಿನಿಂದ ಜಾಕ್ ಕೊಟ್ಟು ಬೇರಿಂಗಿನ ಸಡಿಲ ಹೋಗುವಂತೆ ಒತ್ತಿ, ಮೇಲಿನ ಕಿವಿಗೂ ಕಣ್ಣಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಬೇರೆಬೇರೆ ದಪ್ಪದ ತೆಳು ಪಟ್ಟಿಗಳಿಂದ) ಅಳೆದು, ಕೈಪಿಡಿ ಹೇಳಿದ ಅಲ್ಪ ಸಂದು ಮಾತ್ರ ಉಳಿಯುವಷ್ಟು ಶಿಮ್ ಆರಿಸಿ. ಪಿನ್ನಿನ ಪಕ್ಕದಲ್ಲಿರುವ ಕಚ್ಚು ಕಾಟರಿನ ರಂಧ್ರಕ್ಕೆ ಎದುರಾಗುವಂತೆ ಮೇಲಿನ ತಲೆಯ ಮೇಲೆ ಗುರುತು ಹಾಕಿಕೊಂಡು ಪಿನ್ನನ್ನು ಇಳಿಸಬೇಕು. ಅದು ಮೆಲುವಾದ ಪೆಟ್ಟುಗಳಿಗೆ ಇಳಿಯದೆ ಎಲ್ಲೋ ನಿಂತರೆ ಬಲ ಹೆಚ್ಚಿಸಬೇಡಿ. ಶಿಮ್ ಅಥವಾ ಬೇರಿಂಗ್ ಪಕ್ಕಕ್ಕೆ ಸರಿದಿರುತ್ತದೆ, ಬಲ ಹಾಕಿದರೆ ಮುರಿಯುತ್ತದೆ. ಹೊಸ ಕಾಟರನ್ನು ಹೊಡೆದು ಕೂರಿಸಿ, ಆಮೇಲೆ ನಟ್ಟನ್ನು ಕೈಪಿಡಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಿರಿ. ನಟ್ಟಿನಿಂದಲೇ ಎಳೆದು ಕೂರಿಸಲು ಹೊರಟರೆ ಮರೆ ಹೋಗುತ್ತದೆ.

ಟೈ ರಾಡ್ ಸೇರಿಸುವ ಮೊದಲು ಸ್ಟಬ್ ಆಕ್ಸಲ್ಲನ್ನು ಕೈಯಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ. ಒಂದೇ ಹದದ ಬಿಗುವಿನಲ್ಲಿ ತಿರುಗಬೇಕು. ನಡುವೆ ಎಲ್ಲಾದರೂ ಕಚ್ಚಿದರೆ ಬುಷ್‌ಗಳು ಒಂದೇ ಗೆರೆಯಲ್ಲಿಲ್ಲ, ಈಗಲೇ ಬಿಚ್ಚಿ ಸರಿಪಡಿಸುವುದು ಲೇಸು. ಕಚ್ಚುವ ಕಿಂಗ್ ಪಿನ್ ಇದ್ದ ಗಾಡಿ ತಿರುವಿನ ನಂತರ ಸ್ಟೀರಿಂಗನ್ನು ತಾನಾಗಿ ನೇರಕ್ಕೆ ತರುವುದಿಲ್ಲ. ಮುಚ್ಚಳ ಹಾಕಿ ಲಿಥಿಯಂ ಗ್ರೀಸನ್ನು, ಎನ್‌ಎಲ್‌ಜಿಐ 2 ದರ್ಜೆಯದನ್ನು (ಗ್ರೀಸಿನ ಗಟ್ಟಿತನದ ದರ್ಜೆ), ಕಿವಿ ಮತ್ತು ಕಣ್ಣುಗಳ ಸಂದಿನಿಂದ ಹೊಸದು ಹೊರಬರುವವರೆಗೆ ತುಂಬಿ. ಮುಂದೆ ಪ್ರತಿ ಸಲ ಗ್ರೀಸ್ ಹಾಕುವಾಗ ಚಕ್ರ ನೆಲದ ಮೇಲಿರಬೇಕೋ ಎತ್ತಿರಬೇಕೋ ಎಂಬುದರಲ್ಲಿ ತಯಾರಕರು ಒಂದೇ ಮಾತು ಹೇಳುವುದಿಲ್ಲ, ನಿಮ್ಮ ಆಕ್ಸಲ್ಲಿನ ಕೈಪಿಡಿಯಂತೆ ನಡೆಯಿರಿ.

ಟೈ ರಾಡ್ ಎಂಡಿನ ನಟ್ಟನ್ನು ಟಾರ್ಕಿಗೆ ತಂದ ಮೇಲೆ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಬ್ ಬೇರಿಂಗನ್ನು ಚಕ್ರ ತಿರುಗಿಸುತ್ತಲೇ ಬಿಗಿದು, ಹಿಂದೆ ಬಿಟ್ಟು, 0.025ರಿಂದ 0.125 ಮಿಲಿಮೀಟರಿನಷ್ಟು ಒಳಹೊರಗಿನ ಸಡಿಲ ಇರುವಂತೆ ಬೀಗ ಹಾಕಿ. ಲೀಫ್ ಸ್ಪ್ರಿಂಗಿನ ರಬ್ಬರ್ ಬುಷ್‌ಗಳನ್ನೂ ಬದಲಿಸಿದ್ದರೆ ಅವುಗಳ ಬೋಲ್ಟನ್ನು ಗಾಡಿ ತನ್ನ ಭಾರದಲ್ಲಿ ನೆಲಕ್ಕೆ ಇಳಿದ ಮೇಲೆಯೇ ಕೊನೆಯ ಬಿಗಿತಕ್ಕೆ ತರಬೇಕು. ತೂಗಾಡುವಾಗ ಬಿಗಿದ ರಬ್ಬರ್ ಇಳಿದಾಗ ತಿರುಚಿಕೊಂಡು ಬೇಗ ಹರಿಯುತ್ತದೆ. ಸ್ಪ್ರಿಂಗಿನ ಕೆಳಗೆ ಬೆಣೆಯಂಥ ಓರೆ ತಗಡು ಇದ್ದರೆ ಅದರ ದಪ್ಪ ತುದಿ ಮೊದಲು ಯಾವ ಕಡೆಗಿತ್ತೋ ಅದೇ ಕಡೆಗೆ ಬರಬೇಕು, ಏಕೆಂದರೆ ಕ್ಯಾಸ್ಟರ್ ಕೋನ, ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ನಿನ ಓರೆ, ನಿಂತಿರುವುದು ಅದರ ಮೇಲೆ.

ಚಕ್ರಗಳ ಟೋ ಅಳತೆ, ಅಂದರೆ ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಎಷ್ಟು ಓರೆಯಾಗಿವೆ ಎಂಬುದು, ಈಗ ಬದಲಾಗಿಯೇ ಇರುತ್ತದೆ, ಆದ್ದರಿಂದ ಅದನ್ನು ನೋಡದೆ ಗಾಡಿ ಹೊರಡಿಸಬೇಡಿ. ಎರಡೂ ಟೈರುಗಳ ನಡುಮೈಗೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸುತ್ತ ಮೊಳೆಯ ಮೊನೆಯಿಂದ ಒಂದೊಂದು ತೆಳು ಗೆರೆ ಎಳೆಯಿರಿ. ಗಾಡಿಯನ್ನು ಇಳಿಸಿ, ಒಂದಷ್ಟು ಹಿಂದೆ ಮುಂದೆ ತಳ್ಳಿ ನಿಲ್ಲಿಸಿ, ಹಬ್ಬಿನ ಎತ್ತರದಲ್ಲಿ ಆ ಗೆರೆಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಟೋ. ಇಂಥ ಆಕ್ಸಲ್‌ಗಳಲ್ಲಿ ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಡಿಮೆ ಇರುವುದು ವಾಡಿಕೆ, ನಿಖರವಾದ ಅಂಕಿ ಟೈರಿನ ಬಗೆಯನ್ನೂ ಕೈಪಿಡಿಯನ್ನೂ ಅವಲಂಬಿಸಿದೆ. ಟೈ ರಾಡಿನ ಎರಡು ತುದಿಗಳಿಗೆ ಎಡ ಮರೆ ಬಲ ಮರೆ ಇರುವುದರಿಂದ ರಾಡನ್ನೇ ತಿರುಗಿಸಿದರೆ ಉದ್ದ ಬದಲಾಗುತ್ತದೆ. ಸರಿಹೊಂದಿದ ಮೇಲೆ ಕ್ಲಾಂಪ್ ಬಿಗಿಯಲು ಮರೆಯಬಾರದು.

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ, ಬ್ರೇಕ್ ಹಿಡಿದಾಗ ಗಾಡಿ ನೇರ ನಿಲ್ಲುತ್ತದೆಯೇ ಎಂದು ನೋಡಿ. ಹಿಂದಿರುಗಿದ ಕೂಡಲೇ ಹಬ್ಬನ್ನು ಕೈಯಿಂದ ಮುಟ್ಟಿ ಬಿಸಿಯನ್ನು ಪರೀಕ್ಷಿಸಿ. ಚಕ್ರದ ನಟ್ಟುಗಳನ್ನು ಅದೇ ದಿನ ಮತ್ತೊಮ್ಮೆ ಬಿಗಿದು, ಕಾಟರಿನ ನಟ್ಟು, ಬಿಚ್ಚಿದ್ದರೆ ಯು ಬೋಲ್ಟುಗಳನ್ನೂ, 500 ಕಿಲೋಮೀಟರ್ ಓಡಿದೊಳಗೆ ಇನ್ನೊಮ್ಮೆ ಟಾರ್ಕ್ ಹಿಡಿದು ನೋಡಿ.